ಗಾಜಿನ ಹೊರಬದಿಯ ಗುರುತು

ಎಷ್ಟು ಉಜ್ಜಿದರೂ ಗುರುತು ಹೋಗಲಿಲ್ಲ. ಬೊಂಬೆರಾಯ ಗಾಜಿನ ಹತ್ತಿರ ಬಾಯಿ ತಂದು ಹಾ ಎಂದು ಉಸಿರು ಬಿಟ್ಟ, ಮಂಜು ಕಟ್ಟಿದ ಜಾಗವನ್ನು ಹಳೆಯ ಬನಿಯನ್ ಬಟ್ಟೆಯಿಂದ ಸುತ್ತ ಸುತ್ತ ತಿಕ್ಕಿದ, ತಲೆ ಓರೆ ಮಾಡಿ ಬೆಳಗಿನ ಬೆಳಕಿನಲ್ಲಿ ನೋಡಿದ. ಅಲ್ಲೇ ಇತ್ತು. ನಾಲ್ಕು ಬೆರಳು, ಅಂಗೈಯ ಒಂದು ಅಂಚು, ಇದ್ದೂ ಇಲ್ಲದಂತೆ ಮಾಸಲು ಹೆಬ್ಬೆರಳು. ಇನ್ನೊಮ್ಮೆ ಉಸಿರು ಬಿಡಲು ಹೊರಟವನಿಗೆ ಆಗ ಹೊಳೆಯಿತು, ಗುರುತಿರುವುದು ಗಾಜಿನ ಆಚೆ ಬದಿಗೆ. ಒಳಗೆ ನಿಂತು ಸಾಯಂಕಾಲದವರೆಗೆ ತಿಕ್ಕಿದರೂ ಅದು ಹೋಗುವುದಿಲ್ಲ. ಅರ್ಧ ಆಯುಸ್ಸನ್ನು ಇದೇ ಗಾಜಿನ ಹಿಂದೆ ಕಳೆದವನಿಗೆ ಇಷ್ಟು ತಿಳಿಯಲು ಇಷ್ಟು ಹೊತ್ತು ಬೇಕಾಯಿತಲ್ಲ ಎಂದು ನಾಚಿಕೆಯಾಯಿತು. ಬಟ್ಟೆಯನ್ನು ಜೇಬಿಗೆ ತುರುಕಿ, ಬೂಟು ಹೊರಗೆ ಬಿಟ್ಟು ಬಂದ ಕಾಲುಚೀಲದ ಪಾದಗಳಲ್ಲಿ ಸದ್ದಿಲ್ಲದೆ ಹಿಂದೆ ಸರಿದು, ಯಾರೂ ನೋಡಲಿಲ್ಲ ತಾನೆ ಎಂದು ಬೀದಿಯ ಕಡೆ ಕಣ್ಣು ಹಾಯಿಸಿದ. ಹಾಯಿಸಿದವನೇ ಕಣ್ಣು ಕೆಳಗೆ ಮಾಡಿದ. ಷೋಕೇಸಿನೊಳಗೆ ಇರುವವನು ಬೀದಿಯ ಕಡೆ ನೋಡುವಂತಿಲ್ಲ.

ಅದು ಯಜಮಾನರ ಕಾನೂನು. ಕಾನೂನಿಗಿಂತ ಹೆಚ್ಚಾಗಿ ಈಗ ಅವನ ಮೈಯ ಅಭ್ಯಾಸ. ಮೂರಂತಸ್ತಿನ ಬಟ್ಟೆ ಅಂಗಡಿ, ಮುಂಭಾಗದ ಉದ್ದಕ್ಕೂ ಗಾಜು, ಗಾಜಿನ ಹಿಂದೆ ನಿಂತ, ಕೂತ, ಸೊಂಟಕ್ಕೆ ಕೈಕೊಟ್ಟ ಬೊಂಬೆಗಳು. ಅವಕ್ಕೆ ತೊಡಿಸುವುದು, ಬಿಚ್ಚುವುದು, ತೋಳು ಏರಿಸಬೇಕಾದಾಗ ಕೈ ಕಳಚಿ ಮತ್ತೆ ಜೋಡಿಸುವುದು ಅವನ ಉದ್ಯೋಗ. ಬೊಂಬೆರಾಯ ಎಂದು ಕರೆಯಲು ಶುರುಮಾಡಿದವಳು ಬಿಲ್ಲಿನ ಕಟ್ಟೆಯಲ್ಲಿ ಕೂರುವ ಹೆಂಗಸು; ಅವಳ ಬಾಯಿಗೆ ಬಿದ್ದದ್ದು ಊರಿಗೆಲ್ಲ ಸಲೀಸಾಗುತ್ತದೆ. ಕೆಲಸಕ್ಕೆ ಸೇರಿದ ಮೊದಲ ವಾರವೇ ಯಜಮಾನರು ಹೇಳಿಬಿಟ್ಟಿದ್ದರು, "ಗಿರಾಕಿ ನಮ್ಮ ಬಟ್ಟೆ ನೋಡ್ಬೇಕಪ್ಪಾ, ನಿನ್ನ ಮುಖ ಅಲ್ಲ." ಹಾಗಾಗಿ ಗಾಜಿನ ಮುಂದೆ ಯಾರಾದರೂ ನಿಂತರೆ ಅವನು ಇದ್ದ ಭಂಗಿಯಲ್ಲೇ ನಿಂತುಬಿಡುತ್ತಾನೆ. ಬಗ್ಗಿದ್ದರೆ ಬಗ್ಗಿಕೊಂಡೇ, ಕೈ ಎತ್ತಿದ್ದರೆ ಎತ್ತಿಕೊಂಡೇ, ಮೂಗಿನ ತುದಿಯಲ್ಲಿ ನೊಣ ಕೂತರೂ ಹಾಗೇ. ಅವರು ಮುಂದೆ ಹೋದ ಮೇಲೆ ಮತ್ತೆ ಕೈ ಆಡುತ್ತದೆ. ಶಾಲೆಯ ಮಕ್ಕಳಿಗೆ ಅದೊಂದು ಆಟ. ಗಾಜಿಗೆ ಮೂಗು ಒತ್ತಿ ಪಂದ್ಯ ಕಟ್ಟುತ್ತಾರೆ, "ಲೋ, ಅದು ಮನುಷ್ಯ ಕಣೋ, ಹೊಟ್ಟೆ ನೋಡು" ಎಂದು ಒಬ್ಬ, "ಬೊಂಬೇನೇ, ಹಳೇದು, ಊದ್ಕೊಂಡಿದೆ" ಎಂದು ಇನ್ನೊಬ್ಬ. ಗಾಜಿನೊಳಗಿಂದ ಮಾತು ಸರಿಯಾಗಿ ಕೇಳುವುದಿಲ್ಲವಾದರೂ ಇವೆರಡು ಮಾತ್ರ ಯಾಕೋ ಅವನಿಗೆ ಸ್ಪಷ್ಟವಾಗಿ ಕೇಳಿದ್ದವು.

ಒಂದೇ ಒಂದು ಸಲ ಅವನು ಕಾನೂನು ಮುರಿದಿದ್ದ. ಆಗ ಮೀಸೆ ಇನ್ನೂ ಕಪ್ಪಗಿತ್ತು. ಒಬ್ಬ ಹೆಂಗಸು ಗಾಜಿನಾಚೆ ನಿಂತು ಹಸಿರು ಬಟ್ಟೆಯೊಂದನ್ನು ಎಂಥ ಆಸೆಯಿಂದ ನೋಡುತ್ತಿದ್ದಳೆಂದರೆ, ಅದನ್ನು ಬೊಂಬೆಗೆ ತೊಡಿಸಿದ ಕೈ ತನ್ನದೇ ಎಂಬ ಹೆಮ್ಮೆಯಲ್ಲಿ ಅವನು ನಕ್ಕುಬಿಟ್ಟ. ಆಕೆ ಬೆಚ್ಚಿ ಹಿಂದೆ ಹಾರಿದಳು. ಎರಡು ನಿಮಿಷದಲ್ಲಿ ಯಜಮಾನರ ಮುಂದೆ ನಿಂತು ಕೈ ತೋರಿಸಿ ದೂರುತ್ತಿದ್ದಳು, ಒಳಗಿರೋನು ಹೆಂಗಸರನ್ನ ನೋಡಿ ಹಲ್ಲು ಕಿರೀತಾನೆ. ಅವತ್ತು ಕೇಳಿಸಿಕೊಂಡ ಮಾತುಗಳನ್ನು ಅವನು ಅಕ್ಕನಿಗೂ ಹೇಳಿಲ್ಲ. ಆಮೇಲೆ ಹೆಂಗಸರನ್ನು ನೋಡದಿರುವುದು ಅವನ ವ್ರತವೇ ಆಯಿತು, ಅಂಗಡಿಯಲ್ಲಿ ಮಾತ್ರವಲ್ಲ, ಬಸ್ಸಿನಲ್ಲಿ, ಬೀದಿಯಲ್ಲಿ, ಮೆಟ್ಟಿಲಲ್ಲಿ. ಎದುರಿಗೆ ಯಾರಾದರೂ ಬಂದರೆ ನೆಲ ನೋಡಿ ದಾರಿ ಬಿಡುತ್ತಾನೆ. ಅದನ್ನು ಅವನು ಮರ್ಯಾದೆ ಎಂದುಕೊಂಡಿದ್ದ. ಇಷ್ಟು ವರ್ಷ ತನ್ನಿಂದ ಒಬ್ಬ ಹೆಣ್ಣುಮಗಳಿಗೂ ಮುಜುಗರವಾಗಿಲ್ಲ ಎಂದು ಒಳಗೊಳಗೇ ಬೆನ್ನು ತಟ್ಟಿಕೊಂಡಿದ್ದ ಕೂಡ.

ನಿನ್ನೆ ಸಾಯಂಕಾಲವೂ ಆ ಮರ್ಯಾದೆಗೆ ಕುಂದು ಬಂದಿರಲಿಲ್ಲ. ಕೊನೆಯ ಬೊಂಬೆಯ ಕೊರಳಪಟ್ಟಿ ಹಿಂದೆ ಸಡಿಲವಾಗಿತ್ತು. ಅದನ್ನು ಮಡಿಕೆ ಹಾಕಿ ಹಿಡಿದು ಗುಂಡುಸೂಜಿ ಚುಚ್ಚುತ್ತಿದ್ದ. ಸೂಜಿಗಳು ಬಾಯಲ್ಲಿದ್ದವು. ಎರಡೂ ಕೈಗೆ ಕೆಲಸವಿರುವಾಗ ಅವನು ಅವನ್ನು ಸಾಲಾಗಿ ತುಟಿಗಳ ನಡುವೆ ಕಚ್ಚಿಕೊಂಡಿರುತ್ತಾನೆ, ತಲೆ ಹೊರಗೆ, ಮೊನೆ ಒಳಗೆ, ನಾಲಗೆ ಹಿಂದಕ್ಕೆ. ಗಾಜಿನ ಆಚೆಯೇ ಬಸ್ ಸ್ಟಾಪು. ಅಲ್ಲಿ ನಿಲ್ಲುವವರ ಮುಖ ಅವನಿಗೆ ಗೊತ್ತಿಲ್ಲ, ಬಟ್ಟೆ ಗೊತ್ತು. ಈ ಹೊತ್ತಿಗೆ ದಿನಾ ಬರುವ ಕಂದು ಕೋಟನ್ನು ಅವನು ತಿಂಗಳುಗಳಿಂದ ಬಲ್ಲ. ಅದರ ಅಂಚು ಎಡಗಡೆ ಹೊಲಿಗೆ ಬಿಟ್ಟು ಜೋತಿದೆ, ಅಲ್ಲೊಂದು ಪಿನ್ನು ಹಾಕಿದ್ದಾಳೆ, ನಾಲ್ಕು ಹೊಲಿಗೆಯ ಕೆಲಸ, ಇವಳಿಗೆ ಪುರುಸೊತ್ತಿಲ್ಲ ಎಂದು ದಿನವೂ ಮನಸ್ಸಿನಲ್ಲೇ ಗದರಿಕೊಳ್ಳುತ್ತಾನೆ. ನಿನ್ನೆ ಆ ಕೋಟಿನ ಪಕ್ಕಕ್ಕೆ ಒಂದು ಬೂದು ಪ್ಯಾಂಟು ಬಂದು ನಿಂತಿತು. ಇಸ್ತ್ರಿಯ ಗೆರೆ ದಾರ ಹಿಡಿದಂತೆ ನೇರ. ಅವನು ಮೊದಲು ಗಮನಿಸಿದ್ದು ಅದನ್ನೇ, ಮೆಚ್ಚಿಕೊಂಡೂ ಬಿಟ್ಟಿದ್ದ. ಆಮೇಲೆ ರಾತ್ರಿಯೆಲ್ಲ ಹೇಸಿಗೆ ಹುಟ್ಟಿಸಿದ್ದು ಆ ಮೆಚ್ಚುಗೆಯೇ. ಕೋಟು ಪಕ್ಕಕ್ಕೆ ಸರಿಯಿತು, ಪ್ಯಾಂಟೂ ಸರಿಯಿತು. ಕೋಟು ಕಂಬದ ಆಚೆ ಹೋಯಿತು, ಪ್ಯಾಂಟೂ ಹೋಯಿತು. ಒಂದು ಕೈ ಬಂದು ಅವಳ ಚೀಲದ ಪಟ್ಟಿ ಹಿಡಿದು, ಆಟಕ್ಕೆಂಬಂತೆ ಎಳೆದು ಬಿಟ್ಟಿತು. ಅವಳು ಹಿಂದೆ ಹಿಂದೆ ಬಂದು ಬೆನ್ನು ಗಾಜಿಗೆ ತಾಗಿ ನಿಂತಳು, ಅಂಗೈಯನ್ನು ಹಿಂದೆ ಊರಿಕೊಂಡಳು, ತಲೆ ತಿರುಗಿಸಿದಳು. ಬೊಂಬೆರಾಯನ ಕಣ್ಣು ಮೇಲೆ ಬಂತು. ಎಷ್ಟೋ ವರ್ಷಗಳ ನಂತರ ಅವನು ಗಾಜಿನಾಚೆಯ ಒಂದು ಮುಖವನ್ನು ಮುಖವಾಗಿ ನೋಡಿದ. ಚಿಕ್ಕ ಮುಖ, ಕೆಳತುಟಿ ಕಚ್ಚಿಕೊಂಡಿತ್ತು, ಅಳು ಇರಲಿಲ್ಲ. ಗಾಜಿನ ಮುಂದೆ ಯಾರೋ ನಿಂತಿದ್ದಾರೆ ಎಂದು ಮೈ ತಾನಾಗಿಯೇ ಸ್ತಬ್ಧವಾಯಿತು. ಕೊರಳಪಟ್ಟಿ ಹಿಡಿದ ಬೆರಳು ಹಾಗೇ, ಬಾಯಲ್ಲಿ ಸೂಜಿ ಹಾಗೇ. ಬಸ್ಸು ಬಂತು, ಅವಳು ಓಡಿ ಹತ್ತಿದಳು, ಪ್ಯಾಂಟು ನಗುತ್ತಾ ನಡೆದುಹೋಯಿತು. ಗಾಜಿನ ಮೇಲೆ ಕೈ ಉಳಿಯಿತು.

ಬಾಯಲ್ಲಿ ಗುಂಡುಸೂಜಿ ಇತ್ತಲ್ಲ, ಕೂಗುವುದಾದರೂ ಹೇಗೆ ಎಂದು ರಾತ್ರಿ ಅವನು ತನಗೆ ತಾನೇ ವಾದಿಸಿದ. ಸೂಜಿ ಉಗುಳಲು ಎಷ್ಟು ಹೊತ್ತು ಬೇಕು ಎಂದು ಇನ್ನೊಂದು ದನಿ ಕೇಳಿತು. ಗಾಜು ತಟ್ಟಬಹುದಿತ್ತು. ತಟ್ಟಿದ್ದರೆ ಅವಳೇ ಬೆದರಿ ಕಿರುಚಿಕೊಂಡಿದ್ದರೆ? ಬೊಂಬೆ ಕೈ ಆಡಿಸಿತು ಎಂದು ಹೌಹಾರಿದ್ದರೆ? ಹೌದು, ಅವಳು ತನ್ನನ್ನು ಬೊಂಬೆಯೆಂದೇ ತಿಳಿದಿರಬೇಕು. ಆ ನೋಟದಲ್ಲಿ ಕೇಳಿಕೆ ಎಲ್ಲಿತ್ತು? ಅದು ಗೋಡೆ ನೋಡಿದ ಹಾಗೆ, ಬಟ್ಟೆ ನೋಡಿದ ಹಾಗೆ ನೋಡಿದ ನೋಟ. ಈ ಯೋಚನೆಯಿಂದ ಸ್ವಲ್ಪ ಸಮಾಧಾನವಾಯಿತು. ಸಮಾಧಾನವಾಯಿತಲ್ಲ ಎಂದು ಮತ್ತೆ ಸಂಕಟವಾಯಿತು. ಬೆಳಿಗ್ಗೆ ಟೀ ಲೋಟ ಹಿಡಿದು ಕೂತವನ ಮುಖವನ್ನು ಅಕ್ಕ ಕನ್ನಡಕದ ಮೇಲಿಂದ ನೋಡಿದಳು. ತಲೆ ನರೆತ ತಮ್ಮನನ್ನು ಪುಟ್ಟ ಎಂದು ಕರೆಯುವುದನ್ನು ಅವಳು ಇನ್ನೂ ಬಿಟ್ಟಿಲ್ಲ.

"ಯಾಕೋ ಪುಟ್ಟಾ, ಮುಖ ಹಿಂಗೆ ಹಿಂಡಿದ ಬಟ್ಟೆ ಆಗಿದೆ? ನಿದ್ದೆ ಮಾಡ್ಲಿಲ್ವಾ?"

"ಮಾಡ್ದೆ."

"ಸುಳ್ಳು ಹೇಳೋಕೂ ಒಂದು ಮುಖ ಬೇಕು ಕಣೋ, ನಿಂಗದು ಇಲ್ಲ." ಬ್ರೆಡ್ಡಿಗೆ ಬೆಣ್ಣೆ ಸವರಿ ಅವನ ಮುಂದೆ ತಳ್ಳಿದಳು. ಅಕ್ಕನಿಗೆ ಸುಮ್ಮನೆ ಕೂರಲು ಬರುವುದಿಲ್ಲ. ಟೆಲಿಫೋನ್ ಆಫೀಸಿನಲ್ಲಿ ಜೀವನವಿಡೀ ಪರರ ಮಾತಿಗೆ ದಾರಿ ಮಾಡಿಕೊಟ್ಟು ನಿವೃತ್ತಳಾದವಳು ಈಗ ಉಳಿದ ತನ್ನ ಮಾತನ್ನೆಲ್ಲ ತಮ್ಮನ ಮೇಲೆ ಖರ್ಚು ಮಾಡುತ್ತಾಳೆ.

"ಅಕ್ಕಾ," ಎಂದ ಅವನು ಬ್ರೆಡ್ಡು ನೋಡುತ್ತಾ, "ನೀನು ಟೈಪಿಂಗ್ ಕ್ಲಾಸಿಗೆ ಹೋಗುವಾಗ ಅಮ್ಮ ನನ್ನನ್ನ ಜೊತೆಗೆ ಕಳಿಸ್ತಿದ್ದಳಲ್ಲ, ಯಾಕೆ?"

"ಯಾಕೆ ಅಂದ್ರೆ? ಸೈಕಲ್ ಅಂಗಡಿ ಹತ್ರ ಆ ಪಡ್ಡೆಗಳು ನಿಂತಿರ್ತಿದ್ವಲ್ಲ. ಒಂದಿನ ಜಡೆ ಎಳೆದ್ರು, ಅತ್ಕೊಂಡು ಬಂದೆ. ಮಾರನೇ ದಿನದಿಂದ ನೀನು ನನ್ನ ಬಾಡಿಗಾರ್ಡು." ಅಕ್ಕ ನಕ್ಕಳು. "ಇಷ್ಟುದ್ದ ಇದ್ದೆ. ನನ್ನ ಕಿರುಬೆರಳು ಹಿಡ್ಕೊಂಡು ಬರ್ತಿದ್ದೆ."

"ನಾನೇನು ಮಾಡ್ತಿದ್ದೆ?"

"ನೀನಾ? ಏನೂ ಇಲ್ಲ. ಮೂಗು ಸುರಿಸ್ಕೊಂಡು ನಿಂತಿರ್ತಿದ್ದೆ."

"ಅಷ್ಟೇನಾ?"

"ಅಷ್ಟೇ. ಅವರೇನೋ ಅಂದ್ರೆ ನೀನು ಬಾಯಿ ಬಿಟ್ಕೊಂಡು ಅವರನ್ನೇ ನೋಡೋನು. ಕಣ್ಣೇ ಮಿಟುಕಿಸ್ತಿರ್ಲಿಲ್ಲ, ಪುಣ್ಯಾತ್ಮ. ಅವರಿಗೇ ನಾಚಿಕೆ ಆಗ್ತಿತ್ತೋ ಏನೋ. ನಂಗಂತೂ ಅಷ್ಟೇ ಸಾಕಾಗಿತ್ತು." ಲೋಟ ತೆಗೆದುಕೊಂಡು ಒಳಗೆ ಹೋದವಳು ಅಲ್ಲಿಂದಲೇ ಕೂಗಿದಳು, "ಬಿಳೀ ಕಾಲುಚೀಲ ಒಗೆದು ಹಾಕಿದೀನಿ, ಅದನ್ನೇ ಹಾಕ್ಕೊ. ಹಳೇದರಲ್ಲಿ ಹೆಬ್ಬೆರಳು ಇಣುಕ್ತಿದೆ."

ಹಾಗೆ ಹೊಸದಾಗಿ ಒಗೆದ ಬಿಳಿ ಕಾಲುಚೀಲದಲ್ಲಿ ಅವನು ಈಗ ಷೋಕೇಸಿನೊಳಗೆ ನಿಂತಿದ್ದ. ಬೆಳಿಗ್ಗೆಯಿಂದ ಮೂರು ಬೊಂಬೆಗಳ ಬಟ್ಟೆ ಬದಲಾಯಿಸಿದ್ದ. ಒಂದಕ್ಕೆ ಗುಂಡಿ ಮೇಲೆ ಕೆಳಗೆ ಹಾಕಿ ಯಜಮಾನರಿಂದ ಬೈಸಿಕೊಂಡಿದ್ದ. ಗುರುತು ಇನ್ನೂ ಅಲ್ಲೇ ಇತ್ತು. ಹೊರಗಿನ ಗಾಜು ಒರೆಸುವವನು ಇವತ್ತು ಬಂದಿರಲಿಲ್ಲ. ಬರದಿದ್ದರೇ ಒಳ್ಳೆಯದು ಎಂದೂ ಅನ್ನಿಸಿತು. ಬಿಸಿಲು ತಿರುಗಿದಂತೆ ಆ ಬೆರಳುಗಳ ನೆರಳು ಒಳಗಿನ ಹಲಗೆಯ ಮೇಲೆ ಬೀಳಬಹುದೇನೋ ಎಂದು ಹುಡುಕಿದ. ಬೀಳಲಿಲ್ಲ, ಅಷ್ಟು ದಪ್ಪ ಗುರುತಲ್ಲ ಅದು. ಮಧ್ಯಾಹ್ನ ಊಟದ ಡಬ್ಬಿ ಮುಚ್ಚುತ್ತಿದ್ದ ಬಿಲ್ಲಿನ ಹೆಂಗಸಿನ ಪಕ್ಕ ಹೋಗಿ ನಿಂತು ಗಂಟಲು ಸರಿಮಾಡಿಕೊಂಡ. ಅವನಾಗಿಯೇ ಮಾತಾಡಲು ಬಂದದ್ದು ಅವಳಿಗೆ ಆಶ್ಚರ್ಯ.

"ಏನ್ ಬೊಂಬೆರಾಯರು, ದಾರಿ ತಪ್ಪಿ ಬಂದ್ರಾ?"

"ಅಲ್ಲ, ಸುಮ್ನೆ. ಬೀದೀಲಿ ಯಾರಾದ್ರೂ ಹೆಣ್ಣುಮಕ್ಕಳಿಗೆ ತೊಂದ್ರೆ ಕೊಡ್ತಿದ್ರೆ..."

ಅವಳು ಅವನ ಮುಖ ನೋಡಿದಳು. ತಮಾಷೆ ಮಾಡುವ ಮನಸ್ಸಿದ್ದವಳು ಬಿಟ್ಟಳು. ಚೀಲದಿಂದ ಬೀಗದ ಕೈ ಗೊಂಚಲು ತೆಗೆದು, ಒಂದೊಂದನ್ನು ಬೆರಳ ಸಂದಿಯಲ್ಲಿ ಸಿಕ್ಕಿಸಿ ಮುಷ್ಟಿ ಮಾಡಿ ತೋರಿಸಿದಳು. "ನಾನು ದಿನಾ ಮನೆಗೆ ಹೋಗೋದು ಹಿಂಗೆ. ಮದುವೆಗೆ ಮುಂಚೆಯಿಂದ. ಈಗ ಮಗಳಿಗೂ ಹೇಳ್ಕೊಟ್ಟಿದೀನಿ."

ಎಷ್ಟು ವರ್ಷದಿಂದ ಇವಳ ಪಕ್ಕದಲ್ಲಿ ಕೆಲಸ ಮಾಡುತ್ತಿದ್ದೇನೆ, ಆ ಮುಷ್ಟಿಯನ್ನು ನಾನು ನೋಡಿಯೇ ಇರಲಿಲ್ಲವಲ್ಲ ಎಂದುಕೊಂಡ. ಕೇಳಿದ, "ಯಾರಾದ್ರೂ ಬಂದು ಪಕ್ಕ ನಿಂತ್ರೆ? ಪರಿಚಯ ಇಲ್ದೋರು, ಗಂಡಸ್ರು. ಅವರನ್ನ ಕಂಡೂ ಭಯ ಆಗಲ್ವಾ?"

"ಹೇಗೆ ನಿಲ್ತಾರೆ ಅನ್ನೋದ್ರ ಮೇಲೆ. ನಮಗೆ ಗೊತ್ತಾಗತ್ತೆ ರೀ, ಹತ್ರ ನಿಲ್ಲೋರು ಯಾರು, ಜೊತೆಗೆ ನಿಲ್ಲೋರು ಯಾರು ಅಂತ." ಡಬ್ಬಿ ಚೀಲಕ್ಕೆ ಹಾಕಿದಳು. "ಯಾಕೆ, ಯಾರ ಜೊತೆ ನಿಲ್ಲೋಕೆ ಹೊರಟಿದೀರಿ?"

ಅವನು ಕೆಂಪಾಗಿ ಅಲ್ಲಿಂದ ಕಾಲು ಕಿತ್ತ.

ಸಾಯಂಕಾಲವಾಗುತ್ತಾ ಬಂದಂತೆ ಮತ್ತೆ ಮತ್ತೆ ಅಂಗಡಿಯ ಗಡಿಯಾರ ನೋಡತೊಡಗಿದ. ಇವತ್ತು ಅವಳು ಬರದಿದ್ದರೆ ಸಾಕಪ್ಪಾ ಎಂದು ಒಮ್ಮೆ, ಬರದಿದ್ದರೆ ಏನು ಗತಿ ಎಂದು ಒಮ್ಮೆ. ಬರದಿದ್ದರೆ ನಿನ್ನೆಯೇ ಕೊನೆ. ಆ ನೋಟವನ್ನು ತಿದ್ದಲು ಅವನಿಗೆ ಇನ್ನೊಂದು ಅವಕಾಶವಿಲ್ಲ, ಜೀವಮಾನವಿಡೀ ಅವಳ ಕಣ್ಣಿನಲ್ಲಿ ಅವನು ಕೊರಳಪಟ್ಟಿ ಹಿಡಿದ ಬೊಂಬೆ. ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡ. "ಏನ್ರೀ ಮಿಸ್ಟರ್, ಏನು ಸಮಾಚಾರ?" ಎನ್ನಬೇಕು, ದನಿ ದಪ್ಪಗಿರಬೇಕು. ಮಿಸ್ಟರ್ ಬೇಡ, ಸಿನಿಮಾದವರಂತಾಗುತ್ತದೆ. "ಸ್ವಲ್ಪ ದೂರ ನಿಲ್ಲಿ" ಎನ್ನಬಹುದು. ಅವನು ನಿಲ್ಲದಿದ್ದರೆ? ಹೊಡೆದರೆ? ಬೊಂಬೆರಾಯ ಜೀವನದಲ್ಲಿ ಯಾರಿಗೂ ಹೊಡೆದವನಲ್ಲ. ಬೊಂಬೆಗಳ ಕೈ ತಿರುಗಿಸಿ ಕಳಚುವಾಗ ಕೂಡ ಒಂದು ಕ್ಷಣ ನೋವಾದೀತೇ ಎನ್ನುವಂತೆ ನಿಧಾನಿಸುವವನು. ಕೈಗೆ ಕೆಲಸ ಕೊಟ್ಟರೆ ಮನಸ್ಸು ನಿಂತೀತು ಎಂದು ಕೊನೆಯ ಬೊಂಬೆಯ ಕೋಟನ್ನು ಬಿಚ್ಚಿ ಮತ್ತೆ ತೊಡಿಸಲು ಶುರುಮಾಡಿದ. ಬಲಗೈ ಕಳಚಿದ. ತೋಳಿನ ಮಡಿಕೆಗೆಂದು ಗುಂಡುಸೂಜಿಗಳನ್ನು ಒಂದೊಂದಾಗಿ ಬಾಯಿಗಿಟ್ಟುಕೊಂಡ. ಆಗ ಕಂದು ಕೋಟು ಬಂತು.

ಅಂಚು ಇವತ್ತೂ ಜೋತಿತ್ತು. ಅವಳು ಸ್ಟಾಪಿನ ಕಂಬದ ಹತ್ತಿರ ಒಂದು ಕ್ಷಣ ನಿಂತು, ಸುತ್ತ ನೋಡಿ, ಸೀದಾ ಗಾಜಿನ ಬಳಿಗೆ ಬಂದು ಅದಕ್ಕೆ ಬೆನ್ನು ಕೊಟ್ಟು ನಿಂತಳು, ಸರಿಯಾಗಿ ಗುರುತಿದ್ದ ಜಾಗದಲ್ಲೇ. ಈಗ ಗುರುತು ಕಾಣುತ್ತಿರಲಿಲ್ಲ, ಕೋಟಿನ ಬೆನ್ನು ಕಾಣುತ್ತಿತ್ತು. ಇವತ್ತು ಅವನು ಬರಲಾರ, ದಿನಾ ಬರಲು ಅವನಿಗೇನು ಬೇರೆ ಕೆಲಸವಿಲ್ಲವೇ ಎಂದು ಬೊಂಬೆರಾಯ ಅಂದುಕೊಳ್ಳುತ್ತಿರುವಾಗಲೇ ಬೂದು ಪ್ಯಾಂಟು ಬಂತು. ಅದೇ ನೇರ ಗೆರೆ. ತರಕಾರಿ ಚೀಲದ ಹೆಂಗಸೊಬ್ಬಳು, ಪೇಪರ್ ಮಡಚಿ ಹಿಡಿದ ಮುದುಕ, ಕಿವಿಗೆ ವೈರು ಸಿಕ್ಕಿಸಿಕೊಂಡ ಇಬ್ಬರು, ಎಲ್ಲರೂ ಬಸ್ಸು ಬರುವ ದಿಕ್ಕಿಗೆ ಎಷ್ಟು ಶ್ರದ್ಧೆಯಿಂದ ನೋಡತೊಡಗಿದರೆಂದರೆ, ಇವರೂ ತನ್ನ ಹಾಗೆ ಗಾಜಿನೊಳಗಿನವರೇ ಎಂದು ಅವನಿಗೆ ಅನ್ನಿಸಿತು. ಬೂದು ಪ್ಯಾಂಟಿನವನು ಅವಳ ಹತ್ತಿರ ಬಾಗಿ ಏನೋ ಹೇಳಿದ. ಅವಳ ಭುಜ ಮೇಲೆದ್ದು ಹಾಗೇ ನಿಂತಿತು. ಬೊಂಬೆರಾಯನ ಮೈ ಮತ್ತೆ ಸ್ತಬ್ಧವಾಗತೊಡಗಿತು. ಬೆರಳಿನಿಂದ ಶುರುವಾಗಿ ಮೊಣಕೈಗೆ, ಭುಜಕ್ಕೆ ಏರುವ ಆ ಹಳೆಯ ಮರಗಟ್ಟುವಿಕೆ ಅವನಿಗೆ ಚೆನ್ನಾಗಿ ಗೊತ್ತು. ಇನ್ನು ಕತ್ತಿಗೆ ಬಂದರೆ ಮುಗಿಯಿತು. ಅವನಿಗೆ ಯಾಕೋ ಅಕ್ಕನ ಕಿರುಬೆರಳು ನೆನಪಾಯಿತು. ಮಸಿ ಹತ್ತಿದ, ಬೆವರಿದ ಬೆರಳು, ಸೈಕಲ್ ಅಂಗಡಿ ಹತ್ತಿರ ಬಂದಾಗ ಅದು ಇವನ ಮುಷ್ಟಿಯೊಳಗೆ ಗಟ್ಟಿಯಾಗುತ್ತಿತ್ತು. ತಾನು ಧೈರ್ಯಕ್ಕೆ ಅಕ್ಕನನ್ನು ಹಿಡಿದುಕೊಂಡಿದ್ದೆ ಎಂದುಕೊಂಡಿದ್ದ ಇಷ್ಟು ದಿನ. ಹಿಡಿದುಕೊಂಡಿದ್ದವಳು ಅವಳು.

ಷೋಕೇಸಿನಿಂದ ಹೊರಬೀಳುವ ಗಿಡ್ಡ ಬಾಗಿಲಲ್ಲಿ ತಲೆ ಹೊಡೆದುಕೊಂಡದ್ದು ಅವನಿಗೆ ಗೊತ್ತಾಗಲಿಲ್ಲ. ಬಿಲ್ಲಿನ ಕಟ್ಟೆ, ಗಿರಾಕಿಗಳು, "ಲೇ, ಎಲ್ಲಿಗೋ" ಎಂಬ ಯಜಮಾನರ ದನಿ, ಎಲ್ಲ ಪಕ್ಕದಲ್ಲಿ ಸರಿದುಹೋದವು. ಬೀದಿಯ ಸದ್ದು ಮುಖಕ್ಕೆ ನೀರೆರಚಿದಂತೆ ಬಡಿಯಿತು. ಹಾರ್ನುಗಳು, ಚಪ್ಪಲಿಗಳು, ಎಲ್ಲೋ ಯಾರದೋ ಮಗುವಿನ ಅಳು. ಬೀದಿಗೆ ಇಷ್ಟು ದನಿ ಇದೆಯೆಂದು ಅವನಿಗೆ ಮರೆತೇಹೋಗಿತ್ತು. ನಾಲ್ಕು ಹೆಜ್ಜೆ ನಡೆದು ಹುಡುಗಿಗೂ ಬೂದು ಪ್ಯಾಂಟಿಗೂ ನಡುವೆ ಇದ್ದ ಕಿರಿದಾದ ಜಾಗದಲ್ಲಿ ನಿಂತ. ನಿಂತ ಮೇಲೆ, ಜೋಡಿಸಿಟ್ಟ ಮಾತನ್ನು ಆಡಲೆಂದು ಬಾಯಿ ತೆಗೆಯಲು ಹೋದಾಗ ಗೊತ್ತಾಯಿತು: ಬಾಯಿ ತುಂಬ ಗುಂಡುಸೂಜಿ. ಕೆಳಗೆ ತಣ್ಣಗೆ ಒದ್ದೆ ಹತ್ತಿದಾಗ ಗೊತ್ತಾಯಿತು: ಕಾಲಲ್ಲಿ ಬೂಟಿಲ್ಲ. ಕಂಕುಳಲ್ಲಿ ಏನೋ ಜಾರಿದಾಗ ಹಿಡಿದು ನೋಡಿದ. ಬೊಂಬೆಯ ಬಲಗೈ, ಭುಜದಿಂದ ಬೆರಳ ತುದಿಯವರೆಗೆ ಪೂರ್ತಿ.

ಬೂದು ಪ್ಯಾಂಟಿನ ಆ ಇಸ್ತ್ರಿಯವನು ಒಂದು ಕ್ಷಣ ಕಂಗಾಲಾದ. ಆಮೇಲೆ ಅವನಿಗೆ ನಗು ಬಂತು. "ಏನ್ ಸಾರ್, ಒಂದು ಕೈ ಎಕ್ಸ್‌ಟ್ರಾ ಇಟ್ಕೊಂಡಿದೀರಾ?" ಎಂದ ಎಲ್ಲರಿಗೂ ಕೇಳುವಂತೆ. ಯಾರೋ ಕಿಸಕ್ಕೆಂದರು. ಬಸ್ಸಿನ ದಿಕ್ಕಿಗೆ ನೆಟ್ಟಿದ್ದ ಮುಖಗಳು ಒಂದೊಂದಾಗಿ ಇತ್ತ ತಿರುಗಿದವು. ಬೊಂಬೆರಾಯನ ಕಿವಿ ಕಾದ ಹಂಚಾಯಿತು. ಎಲ್ಲರೂ ನೋಡುತ್ತಿದ್ದಾರೆ, ಕಾಲುಚೀಲ ನೋಡುತ್ತಿದ್ದಾರೆ, ಹೊಟ್ಟೆ ನೋಡುತ್ತಿದ್ದಾರೆ. ಭೂಮಿ ಬಾಯಿ ಬಿಟ್ಟರೆ ಸಾಕು ಎಂದುಕೊಂಡ. ಆದರೆ ಯಾರಾದರೂ ನೋಡುತ್ತಿದ್ದಾಗ ಅಲ್ಲಾಡದೆ ನಿಲ್ಲುವುದು ಅವನಿಗೆ ಬರುತ್ತಿದ್ದ ಒಂದೇ ವಿದ್ಯೆ. ನಿಂತ. ಕಣ್ಣು ಮಾತ್ರ ಕೆಳಗೆ ಮಾಡಲಿಲ್ಲ. ಇಸ್ತ್ರಿಯವನ ಮುಖವನ್ನೇ, ರೆಪ್ಪೆ ಮಿಟುಕಿಸದೆ, ಸಿಟ್ಟೂ ಇಲ್ಲದೆ ನೋಡುತ್ತಾ ನಿಂತ. ಸಾಧಾರಣ ಮುಖ. ಗಲ್ಲದ ಮೇಲೆ ಕ್ಷೌರದಲ್ಲಿ ತಪ್ಪಿಸಿಕೊಂಡ ಎರಡು ಕೂದಲು.

"ಏನ್ರೀ ಹಂಗೆ ನೋಡ್ತೀರಾ? ಬಾಯಿಲ್ವಾ?" ಅವನ ನಗು ಸ್ವಲ್ಪ ತೆಳುವಾಯಿತು. ಹುಡುಗಿಯ ಕಡೆ ಕತ್ತು ಚಾಚಿ ಕೇಳಿದ, "ಯಾರಿದು? ನಿಮ್ಮ ಕಡೆಯೋರಾ?"

"ಹೌದು, ನಮ್ಮ ದೊಡ್ಡಪ್ಪ," ಎಂದಳು ಅವಳು ಬೊಂಬೆರಾಯನ ಬೆನ್ನ ಹಿಂದಿನಿಂದ. ದನಿ ನಡುಗಿತು, ನಿಲ್ಲಲಿಲ್ಲ. "ನಿನ್ನೆಯಿಂದ ನೀವು ಮಾಡ್ತಿರೋದೆಲ್ಲ ನೋಡಿದಾರೆ. ಏನೀಗ?"

ತರಕಾರಿ ಚೀಲದ ಹೆಂಗಸು ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿ, ಎರಡು ಹೆಜ್ಜೆ ಇತ್ತ ಬಂದು ಹುಡುಗಿಯ ಇನ್ನೊಂದು ಪಕ್ಕ ನಿಂತಳು. "ಏನಂತೆ ಇವನದು?" ಎಂದು ಯಾರನ್ನೂ ಉದ್ದೇಶಿಸದೆ ಗಟ್ಟಿಯಾಗಿ ಕೇಳಿದಳು. ಮುದುಕ ಪೇಪರ್ ಬಿಚ್ಚಿದ, ಮತ್ತೆ ಮಡಚಿದ, "ಹೋಗಪ್ಪಾ, ಹೋಗು" ಎಂದ. ಇಸ್ತ್ರಿಯವನು "ಹುಚ್ಚರ ಸಂತೆ" ಎಂದು ಗೊಣಗಿ, ಆಗ ತಾನೇ ಬಂದು ನಿಂತ ಯಾವುದೋ ಬಸ್ಸನ್ನು ಅದರ ಬೋರ್ಡೂ ನೋಡದೆ ಹತ್ತಿದ. ಬಸ್ಸು ಹೊರಟ ಮೇಲೂ ಬೊಂಬೆರಾಯ ಹಾಗೇ ನಿಂತಿದ್ದ. ಮೈ ಬಿಡಿಸಿಕೊಳ್ಳುವುದು ಹೇಗೆಂದು ತಿಳಿಯುತ್ತಿರಲಿಲ್ಲ.

"ಮೊದ್ಲು ಆ ಸೂಜಿ ತೆಗೀರಿ, ನುಂಗಿಬಿಟ್ಟೀರಿ," ಎಂದು ಹುಡುಗಿ ಎದುರಿಗೆ ಬಂದು ಅಂಗೈ ಚಾಚಿದಳು. ಅವನು ಮಗುವಿನಂತೆ ಬಾಗಿದ. ಒಂದೊಂದೇ ಸೂಜಿಯನ್ನು ತುಟಿಯಿಂದ ತೆಗೆದು ಆ ಅಂಗೈಯಲ್ಲಿಟ್ಟ. ಅವಳಿಗೆ ಚುಚ್ಚೀತೆಂದು ಭಯ. ನಾಲ್ಕು ಬೆರಳು, ಅಂಗೈಯ ಅಂಚು. ಹೆಬ್ಬೆರಳು ಇಲ್ಲಿ ಮಾಸಲಾಗಿರಲಿಲ್ಲ.

"ದೊಡ್ಡಪ್ಪ ಅಂದುಬಿಟ್ಟೆ, ಬೇಜಾರಾಗ್ಬೇಡಿ. ಬಾಯಿಗೆ ಅದೇ ಬಂತು."

"ಚಿಕ್ಕಪ್ಪ ಅಂದಿದ್ರೆ ಇನ್ನೂ ಸಂತೋಷ ಆಗ್ತಿತ್ತು," ಎಂದ. ಇಷ್ಟೆಲ್ಲ ಆದ ಮೇಲೆ ಬಾಯಿಂದ ಹೊರಟ ಮೊದಲ ಮಾತು ಇದೇ ಎಂದು ಅವನಿಗೇ ನಂಬಲಾಗಲಿಲ್ಲ. ಅವಳು ನಕ್ಕಳು, ನಗುವಿನ ಮಧ್ಯೆ ಕಣ್ಣು ತುಂಬಿತು, ತೋಳಿನಿಂದ ಒರೆಸಿಕೊಂಡಳು. ಆ ನಗುವನ್ನು ಕಂಡು ಅವನಿಗೆ ತಡೆಯಲಾಗಲಿಲ್ಲ. "ನಿನ್ನೆ ನಾನು ಒಳಗಿದ್ದೆ ಕಣಮ್ಮಾ. ನಿನಗೆ ಗೊತ್ತಿರಲಿಕ್ಕಿಲ್ಲ. ನೀನು ಬೊಂಬೆ ಅಂದ್ಕೊಂಡಿರ್ತೀಯ."

"ಬೊಂಬೆ ಅಂತ ಯಾಕೆ ಅಂದ್ಕೊಳ್ಳಿ? ದಿನಾ ನೋಡ್ತೀನಲ್ಲ. ಬೊಂಬೆಗೆ ತಲೆ ಕೆರ್ಕೊಳ್ಳೋಕೆ ಬರತ್ತಾ?" ಅವಳು ಅಂಗೈಯ ಸೂಜಿಗಳನ್ನು ನೋಡುತ್ತಾ ನಿಧಾನವಾಗಿ ಹೇಳಿದಳು, "ಒಳಗೆ ಮನುಷ್ಯರಿದಾರೆ ಅಂತಾನೇ ನಿನ್ನೆ ನಾನು ಗಾಜಿನ ಹತ್ರ ಬಂದಿದ್ದು."

ರಾತ್ರಿಯೆಲ್ಲ ಅವನು ಹೊದ್ದುಕೊಂಡಿದ್ದ ಒಂದೇ ಸಮಾಧಾನವನ್ನು ಅವಳು ಮೆತ್ತಗೆ ಎಳೆದು ಪಕ್ಕಕ್ಕಿಟ್ಟಿದ್ದಳು. ಬೈದಿದ್ದರೆ ಚೆನ್ನಾಗಿತ್ತು. "ನಿನ್ನೆ ನಾನು ಬರ್ಲಿಲ್ಲ," ಎಂದ.

"ಹೂಂ, ಬರ್ಲಿಲ್ಲ."

"ಆದ್ರೂ ಇವತ್ತು ಇಲ್ಲೇ ನಿಂತೆಯಲ್ಲ?"

"ಬೇರೆ ಎಲ್ಲಿ ನಿಲ್ಲಲಿ?" ಎಂದಳು. ದೂರೂ ಇಲ್ಲದ, ಕ್ಷಮೆಯೂ ಅಲ್ಲದ ದನಿ. ಇದ್ದದ್ದನ್ನು ಇದ್ದಂತೆ ಹೇಳಿದ್ದಳು ಅಷ್ಟೇ.

ಅವಳ ಬಸ್ಸು ಬಂತು. ತರಕಾರಿಯ ಹೆಂಗಸು "ಬಾಮ್ಮಾ, ನಾನೂ ಇದರಲ್ಲೇ" ಎಂದು ಅವಳ ಭುಜ ಹಿಡಿದು ಹತ್ತಿಸಿದಳು. ಬಸ್ಸು ಹೊರಡುವಾಗ ಕಿಟಕಿಯಲ್ಲಿ ಹುಡುಗಿಯ ಮುಖ ಬಂತು; ಏನೋ ನೆನಪಾಗಿ ಮುಷ್ಟಿ ಬಿಚ್ಚಿ ಗುಂಡುಸೂಜಿಗಳನ್ನು ತೋರಿಸಿ, ಅಯ್ಯೋ ಎನ್ನುವಂತೆ ಬಾಯಿ ತೆರೆದಳು. "ಇಟ್ಕೋ, ಕೋಟಿನ ಅಂಚಿಗೆ!" ಎಂದು ಕೂಗಿದ ಅವನು. ಬೀದಿಯಲ್ಲಿ ಅಷ್ಟು ಗಟ್ಟಿಯಾಗಿ ಕೂಗಿದ್ದು ಅವನಿಗೆ ನೆನಪಿರುವಂತೆ ಇದೇ ಮೊದಲು. ಕೈಬೀಸಿದ. ಬಸ್ಸಿನವರೆಲ್ಲ ಯಾಕೆ ನಗುತ್ತಿದ್ದಾರೆಂದು ನೋಡಿದರೆ, ಬೀಸುತ್ತಿದ್ದದ್ದು ಬೊಂಬೆಯ ಕೈ.

ಒಳಗೆ ಯಜಮಾನರು ಸೊಂಟಕ್ಕೆ ಕೈಕೊಟ್ಟು ಕಾಯುತ್ತಿದ್ದರು. ಅವರು ಬಾಯಿ ತೆರೆಯುವ ಮೊದಲೇ ಬಿಲ್ಲಿನ ಹೆಂಗಸು, "ಬಿಡಿ ಯಜಮಾನ್ರೇ, ಬೊಂಬೆರಾಯರು ಗಾಳಿಗೆ ಹೋಗಿದ್ರು" ಎಂದಳು. ಅವನ ಕಡೆ ನೋಡಲಿಲ್ಲ, ಆದರೆ ಅವಳ ಬೀಗದ ಕೈ ಗೊಂಚಲು ಮೇಜಿನ ಮೇಲೆ ಒಮ್ಮೆ ಝಣ್ಣೆಂದಿತು. ಅವನು ತಲೆ ತಗ್ಗಿಸಿ ಷೋಕೇಸಿನೊಳಗೆ ಹೊಕ್ಕು, ಕೈಯನ್ನು ಬೊಂಬೆಯ ಭುಜಕ್ಕೆ ಜೋಡಿಸಿ ತಿರುಗಿಸಿದ. ಗಾಜಿನ ಹೊರಗೆ ಶಾಲೆಯ ಹುಡುಗನೊಬ್ಬ ಬಂದು ಮೂಗು ಒತ್ತಿ ನಿಂತ. ಮೈ ಮರಗಟ್ಟಲು ಶುರುಮಾಡಿತು. ಬೊಂಬೆರಾಯ ಅದನ್ನು ಹಾಗೇ ಇರಗೊಟ್ಟು, ಕತ್ತನ್ನು ಮಾತ್ರ ಬೀದಿಯ ಕಡೆ ತಿರುಗಿಸಿ, ತಲೆ ಕೆರೆದುಕೊಂಡ. ಹುಡುಗ ಕಿಟಾರನೆ ಕಿರುಚಿ, ಆಮೇಲೆ ಹಲ್ಲು ಬಿಟ್ಟ. ಕೈಗುರುತು ಇನ್ನೂ ಇತ್ತು, ಕೋಟಿನ ಬೆನ್ನು ತಾಗಿ ಎರಡು ಬೆರಳು ಅಳಿಸಿಹೋಗಿದ್ದವು.

ಮನೆಗೆ ಬಂದು ಬೂಟು ಬಿಚ್ಚಿದಾಗ ಅಕ್ಕ ಅವನ ಕಾಲು ನೋಡಿ ಹೌಹಾರಿದಳು. ಒಗೆದು ಬಿಳುಪು ಮಾಡಿದ್ದ ಕಾಲುಚೀಲದ ತಳ ಕೆಸರು, ಮಸಿ, ಒಂದು ಕಡೆ ಯಾವುದೋ ಬಸ್ ಟಿಕೆಟ್ಟು ಅಂಟಿಕೊಂಡು ಕಪ್ಪಗಾಗಿತ್ತು.

"ಇದೇನೋ ಇದು! ಬೂಟಿಲ್ದೆ ಬೀದಿಗಿಳಿದಿದ್ಯಾ? ಏನ್ ಮಾಡ್ತಿದ್ದೆ ಅಲ್ಲಿ?"

"ಏನೂ ಇಲ್ಲ," ಎಂದ ಅವನು, ಕಾಲುಚೀಲ ಕಳಚುತ್ತಾ. "ನಿಂತಿದ್ದೆ."

ಅಕ್ಕ ಕನ್ನಡಕದ ಮೇಲಿಂದ ತಮ್ಮನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಅವನ ಕೈಯಿಂದ ಕಾಲುಚೀಲ ತೆಗೆದುಕೊಂಡು, ಒದ್ದೆಯನ್ನು ಲೆಕ್ಕಿಸದೆ ಎದೆಗೆ ಒತ್ತಿ ಹಿಡಿದುಕೊಂಡೇ ಬಚ್ಚಲ ಕಡೆಗೆ ನಡೆದಳು.